ಬಂಗುಡೆ ಪುಳಿಮುಂಚಿ ತಿಂದು ಮೈಯೆಲ್ಲ ಗಂದೆ ಎದ್ದಿತು. ತಪ್ಪು ಹುಳಿಯದ್ದಾ?

ಕಾಪುವಿನ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಕಳೆದ ಭಾನುವಾರ ಮಧ್ಯಾಹ್ನ ಬಂಗುಡೆ ಪುಳಿಮುಂಚಿ (ಹುಳಿ, ಖಾರ ಹಾಕಿದ ಮೀನು ಸಾರು) ಮಾಡಿದ್ದೆ. ಹುಣಸೆ ಎಂದಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ನಮ್ಮ ಮನೆಯವರು ಊಟ ಮುಗಿಸಿ ಕೈ ತೊಳೆದು ಅರ್ಧ ಗಂಟೆ ಆಗಿರಲಿಲ್ಲ, ಮುಖ ಕೆಂಪಗಾಯಿತು. ಕಿವಿ ಮುಟ್ಟಿದರೆ ಬಿಸಿ. ಆಮೇಲೆ ಕುತ್ತಿಗೆ, ಎದೆ, ಹೊಟ್ಟೆ ಎಲ್ಲ ಕಡೆ ಗಂದೆ ಎದ್ದು ವಿಪರೀತ ತುರಿಕೆ. ತಲೆನೋವು ಬೇರೆ. ಎದೆ ಡಬಡಬ ಹೊಡೆಯುತ್ತಾ ಉಂಟು ಅಂದರು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಇಂಜೆಕ್ಷನ್ ಕೊಟ್ಟರು. ಯಾವುದೋ ಅಲರ್ಜಿ ಅಂದರು. ರಾತ್ರಿಯ ಹೊತ್ತಿಗೆ ಎಲ್ಲ ಇಳಿಯಿತು.

ಅತ್ತೆ ಅವತ್ತೇ ತೀರ್ಮಾನ ಮಾಡಿಬಿಟ್ಟರು. "ಹುಳಿ ಜಾಸ್ತಿ ಆಯ್ತು ಅಂತ ನಾನು ಹೇಳಿರಲಿಲ್ವಾ? ಹುಳಿ ಪಿತ್ತ ಎಬ್ಬಿಸುತ್ತದೆ." ಅಂದಿನಿಂದ ಮನೆಯಲ್ಲಿ ಹುಣಸೆ ಬಂದ್. ಲಿಂಬೆ ಬಂದ್. ಟೊಮೆಟೊ ಬಂದ್. ಆರು ವರ್ಷದ ಮಗಳಿಗೆ ಮಜ್ಜಿಗೆ ಕೂಡ ಇಲ್ಲ. ಟೊಮೆಟೊ ತಿಂದಾಗ ಅವಳ ತುಟಿಯ ಸುತ್ತ ಕೆಂಪಾಗುವುದುಂಟು. ಅದನ್ನೂ ಸೇರಿಸಿ "ಅಪ್ಪನದ್ದೇ ರಕ್ತ" ಅಂತಾರೆ ಅತ್ತೆ. ಹುಳಿ ಇಲ್ಲದ ಸಾರು ಮಗುವಿನ ಗಂಟಲಲ್ಲಿ ಇಳಿಯುವುದಿಲ್ಲ. ತಟ್ಟೆ ಮುಂದೆ ಕೂತು ಅಳುತ್ತಾಳೆ.

ಹುಳಿಗೆ ಅಲರ್ಜಿ ಅಂತ ನಿಜವಾಗಿ ಉಂಟಾ? ತಿಳಿದವರು ಹೇಳಿ.

ಪುತ್ತೂರು ತೋಟ:

ಅಕ್ಕಾ, ಪಿತ್ತದ ಗಂದೆಗೆ ಪುನರ್ಪುಳಿ (ಕೋಕಂ) ನೀರು ಮಾಡಿ ಮೈಗೆ ಹಚ್ಚಿ, ಕುಡಿಯಲಿಕ್ಕೂ ಕೊಡಿ. ನಮ್ಮ ಅಜ್ಜಿ ಮಾಡುತ್ತಿದ್ದದ್ದು ಅದೇ. ಒಂದು ಮಾತು ಯೋಚನೆ ಮಾಡಿ. ಪುನರ್ಪುಳಿಯೂ ಹುಳಿಯೇ ಅಲ್ವಾ? ಹುಳಿಯಿಂದ ಗಂದೆ ಏಳುವುದಾದರೆ, ಹುಳಿಯನ್ನೇ ಮದ್ದು ಅಂತ ಹಿರಿಯರು ಹಚ್ಚುತ್ತಿದ್ದರಾ?

ಹಳೇ ಲ್ಯಾಬ್ ಮೇಷ್ಟ್ರು:

ಪುತ್ತೂರಿನವರು ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಉಡುಪಿಯಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಡಾಕ್ಟರ್ ಅಲ್ಲ. ಆದರೆ ಆಮ್ಲಗಳ ಜೊತೆಯಲ್ಲೇ ಜೀವನ ಕಳೆದಿದ್ದೇನೆ.

ಕಾಪುವಿನ ತಂಗೀ, ಮೊದಲು ಇಷ್ಟಕ್ಕೆ ಉತ್ತರ ಕೊಡಿ. ಮೀನು ಎಷ್ಟು ಗಂಟೆಗೆ ತಂದದ್ದು? ಒಲೆಯ ಮೇಲೆ ಎಷ್ಟು ಗಂಟೆಗೆ ಇಟ್ಟದ್ದು? ಮಧ್ಯೆ ಅದು ಎಲ್ಲಿ ಇತ್ತು? ಅದೇ ಸಾರು ಬೇರೆ ಯಾರು ಉಂಡರು? ನಿಮ್ಮ ಯಜಮಾನರು ಅದಕ್ಕೂ ಮೊದಲು ಹುಣಸೆ ತಿಂದಾಗ ಹೀಗೆ ಆಗಿತ್ತಾ?

ಕಾಪುವಿನ ಸೊಸೆ:

ಮೇಷ್ಟ್ರೇ, ಇವರು ಬೆಳಿಗ್ಗೆ ಏಳೂವರೆಗೆ ಮೀನು ತೆಗೆದುಕೊಂಡರು. ಅಲ್ಲಿಂದ ಒಂದು ಗೃಹಪ್ರವೇಶಕ್ಕೆ ಹೋಗಿ ಮನೆಗೆ ಬರುವಾಗ ಹನ್ನೊಂದೂವರೆ. ಮೀನು ಪ್ಲಾಸ್ಟಿಕ್ ಚೀಲದಲ್ಲಿ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು. ಐಸ್ ಇರಲಿಲ್ಲ. ಸ್ಕೂಟರ್ ಬಿಸಿಲಲ್ಲಿ ನಿಂತಿತ್ತಂತೆ. ಕೊಯ್ಯುವಾಗ ಸ್ವಲ್ಪ ಮೆತ್ತಗಿತ್ತು, ಆದರೆ ಸಾರಾದ ಮೇಲೆ ನಾತ ಏನೂ ಇರಲಿಲ್ಲ. ಅತ್ತೆಗೆ ಅವತ್ತು ಉಪವಾಸ. ಮಗಳು ಮೀನು ಮುಟ್ಟುವುದಿಲ್ಲ. ನಾನು ಬರೀ ರಸ ಹಾಕಿಕೊಂಡಿದ್ದೆ, ಅದೂ ಸ್ವಲ್ಪ. ಮೈದುನ ಎರಡು ಮೀನು ತಿಂದಿದ್ದ. ಅವನಿಗೂ ಸಂಜೆವರೆಗೆ ತಲೆನೋವು, ಮುಖ ಬಿಸಿ. ಬಿಸಿಲಿಗೆ ಅಂದುಕೊಂಡು ಮಲಗಿದ್ದ. ಈಗ ನೀವು ಕೇಳಿದ ಮೇಲೆ ನೆನಪಾಯಿತು.

ಹುಣಸೆ? ಇವರು ಹುಟ್ಟಿದಾಗಿನಿಂದ ತಿಂದವರೇ. ಹಿಂದಿನ ದಿನವೂ ಹುಳಿ ಹಾಕಿದ ಬಸಳೆ ಗಸಿ ಉಂಡಿದ್ದರು. ಏನೂ ಆಗಿಲ್ಲ.

ಹಳೇ ಲ್ಯಾಬ್ ಮೇಷ್ಟ್ರು:

ಇಷ್ಟು ಸಾಕು ತಂಗೀ. ನನಗೆ ಹುಣಸೆಯ ಮೇಲಿದ್ದ ಅನುಮಾನ ಹೋಯಿತು. ಈಗ ಅನುಮಾನ ಆ ಡಿಕ್ಕಿಯ ಮೇಲೆ.

ಬಂಗುಡೆ, ಬೂತಾಯಿ, ಟ್ಯೂನಾ ಇಂಥ ಕಪ್ಪು ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ. ಹೆಸರಿನಲ್ಲಿ ಆಮ್ಲ ಇದ್ದರೂ ಅದಕ್ಕೆ ಹುಳಿರುಚಿ ಇಲ್ಲ. ಮೀನು ಸತ್ತ ಮೇಲೆ ತಣ್ಣಗೆ ಇಡದಿದ್ದರೆ ಅದರ ಕಿವಿರು, ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಮಾಂಸಕ್ಕೆ ಹಬ್ಬುತ್ತವೆ. ಅವು ಹಿಸ್ಟಿಡಿನ್‌ನಿಂದ ಒಂದು ಕಾರ್ಬನ್ ಡೈಆಕ್ಸೈಡ್ ಕಳಚಿ ಹಾಕುತ್ತವೆ. ಉಳಿಯುವುದು ಹಿಸ್ಟಮಿನ್. ಅಲರ್ಜಿ ಆದಾಗ ನಮ್ಮ ದೇಹವೇ ಒಳಗೆ ಬಿಡುವ ವಸ್ತು ಕೂಡ ಇದೇ ಹಿಸ್ಟಮಿನ್. ಅದಕ್ಕೇ ನೋಡಲು ಥೇಟ್ ಅಲರ್ಜಿಯ ಹಾಗೆ: ಮುಖ ಕೆಂಪು, ಗಂದೆ, ತಲೆನೋವು, ಎದೆಬಡಿತ. ತಿಂದ ಕೆಲವು ನಿಮಿಷದಿಂದ ಒಂದು ಗಂಟೆಯೊಳಗೆ ಶುರು. ಹೆಚ್ಚಿನವರಿಗೆ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಹಿಸ್ಟಮಿನ್ ತಡೆಯುವ ಔಷಧ ಕೊಟ್ಟರೆ ಬೇಗ ಇಳಿಯುತ್ತದೆ. ಒಂದೇ ಮೀನು ತಿಂದ ಇಬ್ಬರಿಗೂ ತೊಂದರೆ ಆಯ್ತಲ್ಲ, ಅದು ದೊಡ್ಡ ಸುಳಿವು. ಅಣ್ಣ ತಮ್ಮ ಇಬ್ಬರಿಗೂ ಒಂದೇ ದಿನ ಹೊಸದಾಗಿ ಅಲರ್ಜಿ ಹುಟ್ಟುವುದು ಅಪರೂಪ.

ಎಷ್ಟು ಕುದಿಸಿದರೂ, ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಆಮೇಲೆ ಫ್ರೀಜರಿಗೆ ಹಾಕಿದರೂ ಹೋಗುವುದಿಲ್ಲ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಅವು ಮಾಡಿಟ್ಟದ್ದು ಹಾಗೇ ಇರುತ್ತದೆ.

ಹಾಗಾದರೆ ಹುಣಸೆಗೂ ಇದಕ್ಕೂ ಸಂಬಂಧವೇ ಇಲ್ಲವಾ? ಒಂದು ಸಂಬಂಧ ಉಂಟು, ಆದರೆ ನಿಮ್ಮ ಅತ್ತೆ ಹೇಳುವಂಥದ್ದಲ್ಲ. ಹಳಸುವ ಮೀನಿನ ನಾತಕ್ಕೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್. ಅದು ಪ್ರತ್ಯಾಮ್ಲ, ಅಂದರೆ ಆಮ್ಲಕ್ಕೆ ವಿರುದ್ಧ ಗುಣದ್ದು. ಗಾಳಿಗೆ ಹಾರುತ್ತದೆ, ಹಾಗಾಗಿ ಮೂಗಿಗೆ ಬಡಿಯುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಅದರ ಜೊತೆ ಸೇರಿದರೆ ಲವಣವಾಗುತ್ತದೆ. ಲವಣ ಹಾರುವುದಿಲ್ಲ, ಸಾರಿನಲ್ಲೇ ಕರಗಿ ಕೂರುತ್ತದೆ. ನಾತ ಮಾಯ. ಮೀನು ತೊಳೆಯುವಾಗ ಹುಣಸೆ, ಲಿಂಬೆ ಹಾಕಿ ತಿಕ್ಕುವುದು ಇದಕ್ಕೇ. ಹಿಸ್ಟಮಿನ್ ಕೂಡ ಪ್ರತ್ಯಾಮ್ಲವೇ. ಅದೂ ಆಮ್ಲದ ಜೊತೆ ಲವಣವಾಗಿ ಸಾರಿನಲ್ಲೇ ಉಳಿಯುತ್ತದೆ, ನಾಶ ಆಗುವುದಿಲ್ಲ. ನಿಮ್ಮ ಹುಣಸೆ ಮಾಡಿದ್ದು ಇಷ್ಟೇ, ಮೂಗಿಗೆ ಸಿಗಬೇಕಿದ್ದ ಎಚ್ಚರಿಕೆಯನ್ನು ಮುಚ್ಚಿತು. ಖಾರವೂ ಜೊತೆಗೆ ಸೇರಿತು.

ಆದರೆ ಇದನ್ನು ನಾನು ಇಲ್ಲಿ ಕೂತು ಖಚಿತ ಮಾಡಲು ಆಗುವುದಿಲ್ಲ. ಮೀನಿನ ಪ್ರೋಟೀನಿಗೇ ನಿಜವಾದ ಅಲರ್ಜಿ ಇರುವವರಿದ್ದಾರೆ. ಅವರಿಗೆ ತಾಜಾ ಮೀನು ತಿಂದರೂ ಪ್ರತಿ ಸಲ ಆಗುತ್ತದೆ. ಒಮ್ಮೆ ಅಲರ್ಜಿ ತಜ್ಞರಿಗೆ ತೋರಿಸಿ. ಡಿಕ್ಕಿಯ ವಿಷಯ ಅವರಿಗೆ ಮರೆಯದೆ ಹೇಳಿ. ಉಸಿರು ಕಟ್ಟಿದರೆ, ನಾಲಿಗೆ ಗಂಟಲು ಊದಿದರೆ, ಕಣ್ಣು ಕತ್ತಲೆ ಬಂದರೆ ಮನೆಮದ್ದು ಅಂತ ಒಂದು ನಿಮಿಷವೂ ಕಾಯಬೇಡಿ, ಸೀದಾ ಆಸ್ಪತ್ರೆ.

ಕಡಿಯಾಳಿ ಅಡುಗೆ:

ಮೇಷ್ಟ್ರೇ, ಲಿಂಬೆ ಹಾಕಿ ತಿಕ್ಕಿದರೆ ನಾತ ಹೋಗುವುದು ಹೀಗಾ! ನಾವು ಸಸ್ಯಾಹಾರಿಗಳು, ಆದರೆ ಇದೇ ಜಾತಿಯ ಪ್ರಶ್ನೆ ನನಗೂ ಉಂಟು. ಪತ್ರೊಡೆಯದ್ದು, ಅಂದರೆ ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆ ಬಂದರೆ ನಮ್ಮಲ್ಲಿ ವಾರಕ್ಕೆ ಎರಡು ಸಲ. ಅಕ್ಕಿ ಹಿಟ್ಟಿಗೆ ಹುಣಸೆ ಕಡಿಮೆಯಾದರೆ ಗಂಟಲೆಲ್ಲ ತುರಿಕೆ. ಹುಳಿ ಸರಿ ಇದ್ದರೆ ಏನೂ ಇಲ್ಲ. ಇಲ್ಲಿ ಹುಳಿಯೇ ತುರಿಕೆ ತೆಗೆಯುತ್ತದೆ. ಇದು ಹೇಗೆ?

ಹಳೇ ಲ್ಯಾಬ್ ಮೇಷ್ಟ್ರು:

ಇದು ನನಗೆ ತುಂಬಾ ಪ್ರೀತಿಯ ವಿಷಯ. ಪಾಠ ಮಾಡುವಾಗ ಪ್ರತಿ ವರ್ಷ ಕೆಸುವಿನ ದಂಟು ತರಿಸಿ ಮಕ್ಕಳಿಗೆ ತೋರಿಸುತ್ತಿದ್ದೆ. ದಂಟನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಿ, ಗಾಜಿನ ಮೇಲೆ ಒಂದು ಹನಿ ನೀರಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಿಡಿಸೂಡಿ ಕಡ್ಡಿ ಕಟ್ಟಿಟ್ಟ ಹಾಗೆ ಸೂಜಿಗಳ ಕಟ್ಟು ಕಾಣುತ್ತದೆ. ಎರಡೂ ತುದಿ ಚೂಪು. ನೋಡುತ್ತಿದ್ದಂತೆ ಕಟ್ಟಿನಿಂದ ಒಂದೊಂದೇ ಸೂಜಿ ಬಿಟ್ಟುಕೊಂಡು ನೀರಿಗೆ ಜಾರುತ್ತದೆ. ಮಕ್ಕಳು ತಮ್ಮ ಗಂಟಲು ಮುಟ್ಟಿಕೊಂಡು ನೋಡುತ್ತಿದ್ದರು.

ಆ ಸೂಜಿ ಕ್ಯಾಲ್ಸಿಯಂ ಆಕ್ಸಲೇಟ್. ಅಂದರೆ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾದದ್ದು. ಇಲ್ಲಿ ತುರಿಕೆ ಮಾಡುವುದು ಹುಳಿತನ ಅಲ್ಲ, ಚುಚ್ಚುವಿಕೆ. ಸೂಜಿ ಮಾಡಿದ ಗಾಯದೊಳಗೆ ಎಲೆಯಲ್ಲಿರುವ ಪ್ರೋಟೀನ್ ಕತ್ತರಿಸುವ ಕಿಣ್ವವೂ ಇಳಿದರೆ ತುರಿಕೆ ಜೋರಾಗುತ್ತದೆ.

ಹುಣಸೆ ಸೂಜಿಯನ್ನು ಪೂರ್ತಿ ಕರಗಿಸಿಬಿಡುತ್ತದೆ ಅಂತ ಹೇಳುವವರುಂಟು. ನಾನು ಅಷ್ಟು ದೂರ ಹೋಗುವುದಿಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನ ಆಮ್ಲದಲ್ಲಿ, ಕರಗುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುತ್ತದೆ. ಲ್ಯಾಬಿನಲ್ಲಿ ಅದನ್ನು ಗುರುತಿಸುವ ಹಳೆಯ ಪರೀಕ್ಷೆಯೇ ಅದು. ಟಾರ್ಟಾರಿಕ್ ಆಮ್ಲ ವಿನೆಗರಿಗಿಂತ ಬಲ, ಹೈಡ್ರೋಕ್ಲೋರಿಕ್‌ಗಿಂತ ತುಂಬಾ ಕಡಿಮೆ. ಹಾಗಾಗಿ ಹುಣಸೆ ಒಂದು ಪಾಲು ಕೆಲಸ ಮಾಡುತ್ತದೆ. ಒಂದು ಗಂಟೆಯ ಹಬೆ ಇನ್ನೊಂದು ಪಾಲು. ಕಾವಿಗೆ ಆ ಕಿಣ್ವ ಕೆಡುತ್ತದೆ. ಹುಳಿ ಜೋರಾಗಿ ಹಾಕಿ ಅರ್ಧಂಬರ್ಧ ಬೇಯಿಸಿದ ಪತ್ರೊಡೆ ತಿಂದು ನೋಡಿ, ಗಂಟಲು ಬಿಡುವುದಿಲ್ಲ.

ಕಡಿಯಾಳಿ ಅಡುಗೆ:

ಹೌದು ಹೌದು, ಬೇಯದ ಪತ್ರೊಡೆಗೆ ಹುಳಿ ಕೂಡ ಕಾಯುವುದಿಲ್ಲ. ಎಲೆಯ ನಾರು ತೆಗೆಯುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಲು ಅಮ್ಮ ಹೇಳಿಕೊಟ್ಟದ್ದು.

ಬೈಕಂಪಾಡಿ ಬಸ್:

ಇಲ್ಲಿಗೆ ನನ್ನದೂ ಒಂದು ಸೇರಿಸಿ. ನನಗೆ ಚಿಕ್ಕಂದಿನಿಂದ ಆಸ್ತಮಾ. ಮನೆಯಲ್ಲಿ ಹಿಂಡಿದ ಲಿಂಬೆ ಶರಬತ್ತು ಎಷ್ಟು ಕುಡಿದರೂ ಏನೂ ಆಗುವುದಿಲ್ಲ. ಕಳೆದ ತಿಂಗಳು ಮಂಗಳೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಬಾಟಲಿ ಸ್ಕ್ವಾಷಿಗೆ ನೀರು ಬೆರೆಸಿ ಕೊಟ್ಟ ಪಾನಕ ಎರಡು ಗುಟುಕು ಕುಡಿದೆ. ತಕ್ಷಣ ಕೆಮ್ಮು, ಎದೆ ಬಿಗಿತ. ಇನ್ಹೇಲರ್ ಎಳೆದು ಸರಿಹೋಯಿತು. ಎಲ್ಲರೂ "ಹುಳಿ ಕುಡಿದದ್ದಕ್ಕೆ" ಅಂದರು. ಮನೆಯ ಲಿಂಬೆಯೂ ಹುಳಿ, ಅದೂ ಹುಳಿ. ವ್ಯತ್ಯಾಸ ಎಂತದ್ದು?

ಹಳೇ ಲ್ಯಾಬ್ ಮೇಷ್ಟ್ರು:

ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ ಅಂತ ಬರೆದು ಸಂಖ್ಯೆ ಇರುತ್ತದೆ, ಆಹಾರಕ್ಕೆ ಸೇರಿಸಿದ ವಸ್ತುಗಳನ್ನು ಗುರುತಿಸುವ ಸಂಖ್ಯೆ. ಅದರಲ್ಲಿ 220ರಿಂದ 228ರ ಒಳಗಿನ ಸಂಖ್ಯೆ ಇದೆಯಾ ನೋಡಿ. 224 ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಸ್ಕ್ವಾಷ್ ಕೆಡದಿರಲಿ, ಬಣ್ಣ ಕಪ್ಪಾಗದಿರಲಿ ಅಂತ ಹಾಕುವುದು. ಅದು ಹುಳಿಯಾದ ನೀರಿನಲ್ಲಿ ಸಲ್ಫರ್ ಡೈಆಕ್ಸೈಡ್ ಅನಿಲ ಬಿಡುತ್ತದೆ. ಹುಳಿ ಜಾಸ್ತಿಯಾದಷ್ಟೂ ಅನಿಲ ಜಾಸ್ತಿ. ಲೋಟ ಬಾಯಿಗೆ ಹಿಡಿದಾಗ ಆ ಅನಿಲ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಆಸ್ತಮಾ ಇರುವ ಕೆಲವರಿಗೆ ಶ್ವಾಸನಾಳ ಬಿಗಿಯಲು ಅಷ್ಟೇ ಸಾಕು. ಎರಡೇ ಗುಟುಕಿಗೆ ಆಯ್ತು ಅಂದಿರಲ್ಲ, ಅದಕ್ಕೇ ನನಗೆ ಹೀಗೆ ಅನಿಸುವುದು. ಒಣದ್ರಾಕ್ಷಿ, ಒಣ ಏಪ್ರಿಕಾಟ್, ವೈನಿನಲ್ಲೂ ಇದು ಇರಬಹುದು. ನಿಮ್ಮ ಆಸ್ತಮಾ ಡಾಕ್ಟರಿಗೆ ಈ ಸಂಖ್ಯೆಯನ್ನೇ ಬರೆದು ತೋರಿಸಿ.

330 ಅಂತ ಕಂಡರೆ ಹೆದರಬೇಡಿ. ಅದು ಸಿಟ್ರಿಕ್ ಆಮ್ಲ. ಲಿಂಬೆ ರಸದಲ್ಲಿ ನೂರು ಗ್ರಾಮಿಗೆ ಸುಮಾರು ಐದಾರು ಗ್ರಾಮ್ ಇರುವುದು ಅದೇ. ಲಿಂಬೆಯಿಂದ ಅದನ್ನು ಮೊದಲು ಬೇರ್ಪಡಿಸಿದ್ದು ಸ್ವೀಡನ್ನಿನ ಷೀಲೆ, 1784ರಲ್ಲಿ. ಈಗ ಕಾರ್ಖಾನೆಗಳಲ್ಲಿ ಆಸ್ಪರ್‌ಜಿಲಸ್ ನೈಗರ್ ಅನ್ನುವ ಕಪ್ಪು ಬೂಷ್ಟಿಗೆ ಸಕ್ಕರೆ ತಿನ್ನಿಸಿ ಮಾಡಿಸುತ್ತಾರೆ. ಇದನ್ನು ಕೇಳಿ ಕೆಲವರು ಮುಖ ಸಿಂಡರಿಸುತ್ತಾರೆ. ಆದರೆ ಸಿಟ್ರಿಕ್ ಆಮ್ಲ ನಮ್ಮ ದೇಹದ ಹೆಚ್ಚಿನೆಲ್ಲ ಜೀವಕೋಶಗಳಲ್ಲೂ ಈ ಕ್ಷಣವೂ ತಯಾರಾಗುತ್ತಿದೆ. ಅನ್ನದಿಂದ ಶಕ್ತಿ ತೆಗೆಯುವ ಚಕ್ರದಲ್ಲಿ ಅದು ಒಂದು ಮೆಟ್ಟಿಲು. ಹಾನ್ಸ್ ಕ್ರೆಬ್ಸ್ 1937ರಲ್ಲಿ ಆ ಚಕ್ರ ಕಂಡುಹಿಡಿದರು. 1953ರಲ್ಲಿ ಅವರಿಗೆ ನೊಬೆಲ್ ಬಂತು. ಆಹಾರದ ಅಲರ್ಜಿ ಸಾಮಾನ್ಯವಾಗಿ ಆಗುವುದು ಪ್ರೋಟೀನಿಗೆ. ದೇಹ ತಾನೇ ದಿನವಿಡೀ ಮಾಡಿಕೊಳ್ಳುವ ಇಷ್ಟು ಚಿಕ್ಕ ಅಣುವನ್ನು ಶತ್ರು ಅಂತ ಹಿಡಿಯುವುದು ಕಷ್ಟ.

ಮಂಜನಾಡಿ ಗುಡ್ಡೆ:

ಇಷ್ಟೆಲ್ಲ ಸಂಖ್ಯೆ ಯಾಕೆ ಬೇಕು? ಕೆಮಿಕಲ್ ಹಾಕಿದ್ದು ಕೆಟ್ಟದ್ದು, ಮರದಿಂದ ಕಿತ್ತದ್ದು ಒಳ್ಳೆಯದು. ಇಷ್ಟು ತಿಳಿದರೆ ಸಾಕು ಮಾರಾಯ್ರೆ. ನಮ್ಮ ಅಂಗಳದಲ್ಲಿ ಬಿಂಬುಳಿ (ಬಿಲಿಂಬಿ) ಮರ ಉಂಟು. ಕೊಲೆಸ್ಟರಾಲಿಗೆ ಒಳ್ಳೆಯದು ಅಂತ ಮಾವ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ರಸ ಕುಡಿಯಲು ಶುರು ಮಾಡಿದ್ದಾರೆ. ಗುಳಿಗೆಗಿಂತ ಅದೇ ವಾಸಿ.

ಸುರತ್ಕಲ್ ನರ್ಸ್:

ದಯವಿಟ್ಟು ಈ ಸಂದೇಶ ಓದಿದ ತಕ್ಷಣ ಆ ಲೋಟ ನಿಲ್ಲಿಸಿ. ನಾನು ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಮಾಡುವವಳು.

ಬಿಂಬುಳಿಯಲ್ಲಿ ಕರಗುವ ಆಕ್ಸಾಲಿಕ್ ಆಮ್ಲ ತುಂಬಾ ಜಾಸ್ತಿ. ಮೀನು ಸಾರಿಗೆ ನಾಲ್ಕು ಕಾಯಿ ಹಾಕಿ ಮನೆಮಂದಿ ಹಂಚಿಕೊಂಡು ತಿಂದರೆ ಆರೋಗ್ಯವಂತರಿಗೆ ತೊಂದರೆ ಇಲ್ಲ. ಹತ್ತಿಪ್ಪತ್ತು ಕಾಯಿ ಹಿಂಡಿದ ರಸ ಖಾಲಿ ಹೊಟ್ಟೆಗೆ ಹೋದರೆ ಕಥೆಯೇ ಬೇರೆ. ಅದು ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಜೊತೆ ಹರಳಾಗಿ ಸಣ್ಣ ಸಣ್ಣ ನಾಳಗಳಲ್ಲಿ ಕೂರುತ್ತದೆ. ಮೇಷ್ಟ್ರು ಕೆಸುವಿನಲ್ಲಿ ಹೇಳಿದ ಅದೇ ಕ್ಯಾಲ್ಸಿಯಂ ಆಕ್ಸಲೇಟ್, ಈ ಸಲ ಒಳಗೇ ತಯಾರಾಗುವುದು. 2013ರಲ್ಲಿ ಕೇರಳದ ವೈದ್ಯರು ಹೀಗೆ ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೆಟ್ಟು ಬಂದ ಹತ್ತು ಜನರ ವರದಿ ಪ್ರಕಟಿಸಿದ್ದರು. ಅದರಲ್ಲಿ ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಪುಣ್ಯಕ್ಕೆ ಎಲ್ಲರೂ ಸುಧಾರಿಸಿಕೊಂಡರು. ಅವರೂ ಮರದಿಂದ ಕಿತ್ತದ್ದನ್ನೇ ಕುಡಿದದ್ದು. ಅಂಗಡಿಯ ಕೆಮಿಕಲ್ ಅಲ್ಲ.

ಮಾವನಿಗೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ ಅದು. ನಾಳೆಯೇ ಮಾಡಿಸಿ. ಮೂತ್ರ ಕಡಿಮೆಯಾಗಿದೆಯಾ, ವಾಕರಿಕೆ ಉಂಟಾ, ಕೇಳಿ.

ಅದೇ ಬಳಗದ ದಾರೆಹುಳಿ (ಸ್ಟಾರ್ ಫ್ರೂಟ್) ಕೂಡ ಹಾಗೆ. ಮೂತ್ರಪಿಂಡದ ಕಾಯಿಲೆ ಇರುವವರು ಒಂದು ಹೋಳೂ ಮುಟ್ಟಬಾರದು. ಅದರಲ್ಲಿ ಆಕ್ಸಾಲಿಕ್ ಆಮ್ಲ ಅಲ್ಲದೆ ಕ್ಯಾರಂಬಾಕ್ಸಿನ್ ಅನ್ನುವ ನರವಿಷವೂ ಉಂಟು. ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿದರು. ಒಳ್ಳೆಯ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಕೆಟ್ಟದ್ದಕ್ಕೆ ಆಗುವುದಿಲ್ಲ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಡಯಾಲಿಸಿಸ್‌ಗೆ ಬರುವ ಪ್ರತಿಯೊಬ್ಬರಿಗೂ ನಾನು ಇದನ್ನು ಹೇಳಿಯೇ ಕಳಿಸುವುದು.

ಮಂಜನಾಡಿ ಗುಡ್ಡೆ:

ಓದಿ ಕೈಕಾಲು ತಣ್ಣಗಾಯಿತು. ಮಾವನಿಗೆ ಈಗಲೇ ಹೇಳಿದೆ. ನಿಲ್ಲಿಸಿದ್ದಾರೆ. ನಾಳೆ ಬೆಳಿಗ್ಗೆ ಲ್ಯಾಬಿಗೆ ಕರೆದುಕೊಂಡು ಹೋಗುತ್ತೇನೆ. ಒಂದೇ ಪ್ರಶ್ನೆ ಅಕ್ಕಾ, ಬಸಳೆ, ಹರಿವೆಯಲ್ಲೂ ಇದೇ ಆಮ್ಲ ಉಂಟಂತಲ್ಲ? ಅದನ್ನೂ ಬಿಡಬೇಕಾ?

ಸುರತ್ಕಲ್ ನರ್ಸ್:

ಬಿಡುವುದು ಬೇಡ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಡಾಕ್ಟರನ್ನು ಕೇಳಿ ತಿನ್ನಿ. ಉಳಿದವರು ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಕರಗುವ ಆಕ್ಸಲೇಟ್ ಸಾಕಷ್ಟು ಹೋಗುತ್ತದೆ. ಜೊತೆಗೆ ಮೊಸರು, ಮಜ್ಜಿಗೆ ಇದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ, ರಕ್ತಕ್ಕೆ ಬಿಡುವುದಿಲ್ಲ.

ಮೂಡುಬಿದಿರೆ ಗೇರು:

ನಮ್ಮ ಅಮ್ಮ ಇಪ್ಪತ್ತು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದವರು. ಬೆರಳ ತುದಿ ಯಾವಾಗಲೂ ಕಪ್ಪು, ಚರ್ಮ ಸುಲಿಯುತ್ತಿತ್ತು. ಸಿಪ್ಪೆಯ ಎಣ್ಣೆ ತಾಗದಿರಲಿ ಅಂತ ಕೈಗೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದರು. ಈಗ ಮಾವಿನ ಮಿಡಿ ತೊಟ್ಟು ಮುರಿಯುವಾಗ ಸೊನೆ ಹಾರಿದರೂ ಅವರ ಮುಖಕ್ಕೆ ಗುಳ್ಳೆ ಏಳುತ್ತದೆ. ಅಂಬಟೆ ಹೆಚ್ಚಿದರೂ ಕೈ ತುರಿಸುತ್ತದೆ ಅಂತಾರೆ. ಇವೆಲ್ಲ ಹುಳಿಕಾಯಿಗಳೇ ಅಲ್ವಾ? ಹಾಗಾಗಿ ನಾವೂ ಹುಳಿ ಅಂತಲೇ ತಿಳಿದಿದ್ದೆವು.

ಹಳೇ ಲ್ಯಾಬ್ ಮೇಷ್ಟ್ರು:

ಅಮ್ಮನ ಕೈಗೆ ಆದದ್ದು ಓದಿ ಸಂಕಟ ಆಯಿತು. ಆ ಬೆರಳುಗಳಿಂದಲೇ ಊರಿಗೆಲ್ಲ ಗೋಡಂಬಿ ಬಂದದ್ದು.

ಗೇರು, ಮಾವು, ಅಂಬಟೆ ಮೂರೂ ಒಂದೇ ಕುಟುಂಬದ ಮರಗಳು. ಗೇರು ಸಿಪ್ಪೆಯ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಇವೆ. ಆ ಆಮ್ಲದ ರೂಪ ಎಂತದ್ದು ಅಂದರೆ, ಸ್ಯಾಲಿಸಿಲಿಕ್ ಆಮ್ಲಕ್ಕೆ ಉದ್ದದ ಎಣ್ಣೆಯ ಬಾಲ ಕಟ್ಟಿದ ಹಾಗೆ. ಲಿಂಬೆಯ ಆಮ್ಲ ನೀರಲ್ಲಿ ಕರಗುತ್ತದೆ, ತೊಳೆದರೆ ಹೋಗುತ್ತದೆ. ಇದು ಎಣ್ಣೆ, ಚರ್ಮದೊಳಗೆ ಇಳಿಯುತ್ತದೆ. ಸುಡುತ್ತದೆ. ಕೆಲವರಲ್ಲಿ ಅಲರ್ಜಿಯನ್ನೂ ಹುಟ್ಟಿಸುತ್ತದೆ. ಒಮ್ಮೆ ಅದು ಹುಟ್ಟಿದರೆ ಮಾವಿನ ಸೊನೆಯಲ್ಲಿರುವ ಅದರ ನೆಂಟರನ್ನೂ ಚರ್ಮ ಗುರುತು ಹಿಡಿಯುತ್ತದೆ. ಇದು ನಿಜವಾದ ಅಲರ್ಜಿ, ಆದರೆ ಹುಳಿಯದ್ದಲ್ಲ, ಸೊನೆಯದ್ದು. ಮಾವಿನಕಾಯಿಯ ಹುಳಿ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳಿಂದ ಬರುವುದು. ಅಮ್ಮನಿಗೆ ತೊಟ್ಟು ಮುರಿಯುವ, ಸಿಪ್ಪೆ ತೆಗೆಯುವ ಕೆಲಸ ಕೊಡಬೇಡಿ. ಬೇರೆಯವರು ಸಿಪ್ಪೆ ತೆಗೆದು, ತೊಳೆದು ಕೊಟ್ಟ ಹೋಳು ತಿಂದಾಗ ಏನಾಗುತ್ತದೆ ಅನ್ನುವುದನ್ನು ಚರ್ಮದ ಡಾಕ್ಟರಿಗೆ ಹೇಳಿ.

ಪುತ್ತೂರು ತೋಟ:

ಮೇಷ್ಟ್ರೇ, ನನ್ನ ಪುನರ್ಪುಳಿಗೆ ಉತ್ತರ ಬರಲೇ ಇಲ್ಲ.

ಹಳೇ ಲ್ಯಾಬ್ ಮೇಷ್ಟ್ರು:

ಕ್ಷಮಿಸಿ, ಬಿಟ್ಟುಹೋಯಿತು. ಪುನರ್ಪುಳಿ, ಅದರದ್ದೇ ಬಳಗದ ಉಪ್ಪಗೆ ಹಣ್ಣು ಇವುಗಳ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲಕ್ಕೆ ಒಂದು ಆಮ್ಲಜನಕ ಹೆಚ್ಚಿಗೆ ಸೇರಿದ ಹಾಗೆ. ಮೊದಲು ಉಪ್ಪಗೆಯಲ್ಲಿ ಇರುವುದು ಟಾರ್ಟಾರಿಕ್, ಸಿಟ್ರಿಕ್ ಅಂತ ತಿಳಿದಿದ್ದರು. ಅಲ್ಲ ಅಂತ ತೋರಿಸಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಲೂಯಿಸ್ ಮತ್ತು ನೀಲಕಂಠನ್, 1965ರಲ್ಲಿ. ನಮ್ಮ ಘಟ್ಟದ ಹಣ್ಣಿನ ಗುಟ್ಟು ನಮ್ಮ ರಾಜ್ಯದ ಲ್ಯಾಬಿನಲ್ಲೇ ಬಿಚ್ಚಿಕೊಂಡಿತು. ನನಗೆ ಇದನ್ನು ಹೇಳುವಾಗ ಈಗಲೂ ಹೆಮ್ಮೆ.

ಪುನರ್ಪುಳಿ ನೀರು ತಣ್ಣಗೆ ಮೈಗೆ ತಾಗಿದಾಗ ತುರಿಕೆ ಕಡಿಮೆ ಅನಿಸುವುದು ಸಹಜ. ತಣ್ಣೀರಿನ ಬಟ್ಟೆ ಹಾಕಿದರೂ ಹಾಗೇ ಅನಿಸುತ್ತದೆ. ಸಾರು, ಶರಬತ್ತು ಧಾರಾಳ ಕುಡಿಯಿರಿ. ಆದರೆ ಇದೇ ಆಮ್ಲವನ್ನು ಸಾರ ತೆಗೆದು ತೂಕ ಇಳಿಸುವ ಗುಳಿಗೆ ಅಂತ ಮಾರುತ್ತಾರೆ. ಅಂಥ ಗುಳಿಗೆ ನುಂಗಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಬಿಂಬುಳಿ ಲೋಟದ ಹಾಗೆಯೇ. ಊಟದಲ್ಲಿ ಇದ್ದಷ್ಟು ಒಂದು ಲೆಕ್ಕ, ಹಿಂಡಿ ಗಟ್ಟಿ ಮಾಡಿ ನುಂಗಿದರೆ ಇನ್ನೊಂದು ಲೆಕ್ಕ.

ಕಡಿಯಾಳಿ ಅಡುಗೆ:

ಪಾತ್ರೆಯ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಬಳಗದಲ್ಲಿ ಒಂದು ಉಪನಯನ. ಹಳೆಯ ಹಿತ್ತಾಳೆ ಕೊಪ್ಪರಿಗೆ ಅಟ್ಟದಿಂದ ಇಳಿಸಿ, ಕಲಾಯಿ ಹಾಕಿಸದೆ ಅದರಲ್ಲೇ ಸಾರು ಮಾಡಿ ಎರಡು ಗಂಟೆ ಬಿಟ್ಟರು. ತಳದ ಸಾರು ಉಂಡ ಏಳೆಂಟು ಜನರಿಗೆ ವಾಂತಿ. ಆಗಲೂ "ಹುಳಿ ಜಾಸ್ತಿ ಆಯ್ತು" ಅಂತಲೇ ಮಾತು. ಕೊಪ್ಪರಿಗೆ ಖಾಲಿ ಮಾಡಿ ನೋಡಿದರೆ ಸಾರು ನಿಂತ ಮಟ್ಟದವರೆಗೆ ಒಳಗೆ ಚಿನ್ನದ ಹಾಗೆ ಹೊಳೆಯುತ್ತಾ ಇತ್ತು, ಅದರ ಮೇಲೆ ಕಪ್ಪು. ಗೆರೆ ಎಳೆದ ಹಾಗೆ. ಹುಳಿ ಒಳಗಿನ ಕಿಲುಬನ್ನೆಲ್ಲ ತೊಳೆದು ಸಾರಿಗೆ ಹಾಕಿತ್ತು.

ಹಳೇ ಲ್ಯಾಬ್ ಮೇಷ್ಟ್ರು:

ನೀವು ನೋಡಿದ ಆ ಗೆರೆಯೇ ಎಲ್ಲ ಹೇಳುತ್ತದೆ. ಹಿತ್ತಾಳೆಯಲ್ಲಿ ತಾಮ್ರ ಉಂಟು. ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ, ಕರಗಿದ ತಾಮ್ರ ಹೊಟ್ಟೆ ಕೆರಳಿಸಿ ವಾಂತಿ ಮಾಡಿಸುತ್ತದೆ. ಕಲಾಯಿ ಅಂದರೆ ತವರದ ಪದರ. ಊಟದ ಹುಳಿಗೆ ತವರ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಮೀನು ಸಾರಿಗೆ ಮಣ್ಣಿನ ಬಿಸಲೆ ಇಟ್ಟುಕೊಂಡವರಿಗೆ ಆ ಚಿಂತೆಯೇ ಇಲ್ಲ.

ಬೈಕಂಪಾಡಿ ಬಸ್:

ನನ್ನ ಚಿಕ್ಕಪ್ಪನಿಗೆ ಹುಳಿ ತಿಂದರೆ ಎದೆ 'ಉರಿ'. ಅದು ಅಲರ್ಜಿ ಅಲ್ವಾ?

ಸುರತ್ಕಲ್ ನರ್ಸ್:

ಅಲ್ಲ. ಹೊಟ್ಟೆಯ ಆಮ್ಲ ಲಿಂಬೆಗಿಂತಲೂ ಖಡಕ್. ಅದು ಅನ್ನನಾಳಕ್ಕೆ ಮೇಲೆ ಬಂದು ಅಲ್ಲಿ ಆಗಲೇ ಕೆರಳಿದ್ದರೆ, ಮೇಲಿಂದ ಇಳಿಯುವ ಹುಳಿ ತಾಗಿ ಉರಿಯುತ್ತದೆ. ಚಿಕ್ಕಪ್ಪ ರಾತ್ರಿ ಉಂಡ ಕೂಡಲೇ ಮಲಗುತ್ತಾರಾ ಕೇಳಿ. ದಿನಾ ಅಡುಗೆ ಸೋಡಾ ನುಂಗುವ ಅಭ್ಯಾಸ ಇದ್ದರೆ ಬಿಡಿಸಿ, ಅದರಲ್ಲಿ ಸೋಡಿಯಂ ಜಾಸ್ತಿ. ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಕಾಪುವಿನ ಸೊಸೆ:

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಅಲರ್ಜಿ ತಜ್ಞರಿಗೆ ತೋರಿಸಿದೆವು. ಡಿಕ್ಕಿಯ ಕಥೆ ಪೂರ್ತಿ ಹೇಳಿದೆ. ಮೈದುನನ ತಲೆನೋವಿನ ವಿಷಯ ಕೇಳಿದ ಕೂಡಲೇ ಅವರು ತಲೆ ಆಡಿಸಿದರು. ಮೀನಿನ ಅಲರ್ಜಿಗೆ ಚರ್ಮದ ಪರೀಕ್ಷೆ ಮಾಡಿದರು, ಏನೂ ಬರಲಿಲ್ಲ. ಮೇಷ್ಟ್ರು ಹೇಳಿದ್ದೇ ಕಾರಣ ಇರಬೇಕು ಅಂದರು.

ಮಗಳ ತುಟಿಯ ಬಗ್ಗೆಯೂ ಕೇಳಿದೆ. ಟೊಮೆಟೊ, ಲಿಂಬೆಯ ರಸ ಮಕ್ಕಳ ತೆಳು ಚರ್ಮಕ್ಕೆ ತಾಗಿದಲ್ಲಿ ಮಾತ್ರ ಕೆಂಪಾಗಿ, ಸ್ವಲ್ಪ ಹೊತ್ತಿಗೆ ಹೋದರೆ ಹೆದರಬೇಡಿ ಅಂದರು. ಮೈಮೇಲೆ ಬೇರೆ ಕಡೆ ಎದ್ದರೆ, ವಾಂತಿ ಆದರೆ, ಕೆಮ್ಮು ಬಂದರೆ ಕರೆದುಕೊಂಡು ಬನ್ನಿ ಅಂದರು. ಊಟಕ್ಕೆ ಮೊದಲು ತುಟಿಯ ಸುತ್ತ ತೆಳ್ಳಗೆ ವ್ಯಾಸಲೀನ್ ಹಚ್ಚಿ ನೋಡಿ ಅಂದರು. ಹಚ್ಚಿದೆ. ಟೊಮೆಟೊ ಸಾರು ಉಂಡಳು, ಈ ಸಲ ಕೆಂಪಾಗಲಿಲ್ಲ. ಹುಳಿ ಕುಡಿದ ಕೂಡಲೇ ಹಲ್ಲು ಉಜ್ಜಿಸಬೇಡಿ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ ಅಂತಲೂ ಹೇಳಿದರು. ಹುಳಿ ತಾಗಿ ಮೆತ್ತಗಾದ ಹಲ್ಲಿನ ಮೇಲ್ಪದರ ಬ್ರಷ್ಷಿಗೆ ಸವೆಯುತ್ತದಂತೆ.

ಡಾಕ್ಟರ್ ಒಪ್ಪಿದ ಮೇಲೆ ಮೊನ್ನೆ ಭಾನುವಾರ ಮತ್ತೆ ಬಂಗುಡೆ ತಂದೆವು. ಈ ಸಲ ಇವರು ಮನೆಯಿಂದಲೇ ಐಸ್ ಹಾಕಿದ ಡಬ್ಬಿ ತೆಗೆದುಕೊಂಡು ಹೋಗಿದ್ದರು. ಸೀದಾ ಮನೆಗೆ ಬಂದರು. ಕಿವಿರು ತೆರೆದು ನೋಡಿದೆ, ಕೆಂಪಗಿತ್ತು. ಬೆರಳಲ್ಲಿ ಒತ್ತಿದರೆ ಮಾಂಸ ಹಿಂದಕ್ಕೆ ಬಂತು. ಪುಳಿಮುಂಚಿಯನ್ನೇ ಮಾಡಿದೆ. ಇವರು ಮೊದಲು ಅರ್ಧ ಮೀನು ತಿಂದು ಗಡಿಯಾರ ನೋಡುತ್ತಾ ಕೂತರು. ಅತ್ತೆ ಎದುರಿಗೆ ಕೂತು ಅವರ ಮುಖವನ್ನೇ ನೋಡುತ್ತಿದ್ದರು. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಏನೂ ಇಲ್ಲ. ಅತ್ತೆ ಎದ್ದು ಒಳಗೆ ಹೋದರು. ಅಟ್ಟದ ಮೇಲೆ ಇಟ್ಟಿದ್ದ ಹುಣಸೆ ಭರಣಿ ಇಳಿಸಿ, ಒಲೆಯ ಪಕ್ಕದಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟರು.

ಮಂಜನಾಡಿಯವರೇ, ನಿಮ್ಮ ಮಾವ ಹೇಗಿದ್ದಾರೆ?

ಮಂಜನಾಡಿ ಗುಡ್ಡೆ:

ಕ್ರಿಯಾಟಿನಿನ್ ಸ್ವಲ್ಪ ಏರಿತ್ತು ಅಕ್ಕಾ. ಮೊನ್ನೆ ಎರಡನೇ ಸಲ ನೋಡಿದಾಗ ಇಳಿದಿದೆ. ಡಾಕ್ಟರ್ ಕೊಟ್ಟ ಕೊಲೆಸ್ಟರಾಲ್ ಗುಳಿಗೆ ಶುರು ಮಾಡಿದ್ದಾರೆ. ಬಿಂಬುಳಿ ಈಗ ಉಪ್ಪಿನಕಾಯಿಗೆ ಮತ್ತು ಸಾರಿಗೆ ಮಾತ್ರ.